ಮನೆಯಲ್ಲಿ ಧ್ವನಿಮುದ್ರಣ: ಮೆಮೊರಿ ಎಷ್ಟಿದ್ದರೆ ಸಾಕು?

ಮನೆಯಲ್ಲೇ ಹಾಡನ್ನೋ ಕಾವ್ಯವಾಚನವನ್ನೋ ಮುದ್ರಿಸಬೇಕೆಂದು ಹೊರಟವರ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಕಂಪ್ಯೂಟರಿನಲ್ಲಿ ಎಷ್ಟು ರ‍್ಯಾಮ್ ಇರಬೇಕು? ಕೇಳುವವರು ಒಬ್ಬರಾದರೆ ಉತ್ತರ ಹೇಳುವವರು ಹತ್ತು ಮಂದಿ. ಅಂಗಡಿಯವರು 32 ಜಿಬಿಗಿಂತ ಕಡಿಮೆಯದು ಬೇಡವೇ ಬೇಡ ಎನ್ನುತ್ತಾರೆ. ಸಿನಿಮಾ ಸಂಗೀತದಲ್ಲಿ ಪಳಗಿದವರು 64 ಇಲ್ಲದೆ ಕೈಹಾಕಬೇಡಿ ಎನ್ನುತ್ತಾರೆ. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲಿ ಆಲ್ಬಂ ಮುಗಿಸಿದವರು 4 ಸಾಕು ಎನ್ನುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ಅಷ್ಟೆ. ಕೇಳಿದವರಿಗೆ ಮಾತ್ರ ದಾರಿ ಕಾಣುವುದಿಲ್ಲ. ಕೆಲವರು ಸಾಲ ಮಾಡಿ ದೊಡ್ಡ ಯಂತ್ರ ಕೊಳ್ಳುತ್ತಾರೆ; ಹಲವರು ದುಡ್ಡು ಕೂಡಿಬರಲಿ ಎಂದು ಕೆಲಸವನ್ನೇ ಮುಂದೂಡುತ್ತಾರೆ.

ಈ ಮುಂದೂಡಿಕೆಯೇ ನನ್ನನ್ನು ಕಾಡುವುದು. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಧ್ವನಿಯನ್ನು ಮುದ್ರಿಸುವುದಕ್ಕೆ ಮೆಮೊರಿ ತೀರ ಕಡಿಮೆ ಸಾಕು. ಮನೆಗಳಲ್ಲಿ ನಡೆಯುವ ಮುದ್ರಣದ ಬಹುಪಾಲಿಗೆ 8 ಜಿಬಿ ಸಾಲುತ್ತದೆ. ಹೊಸದಾಗಿ ಕೊಳ್ಳುವವರಿಗೆ 16 ಜಿಬಿ ತಕ್ಕ ಅಳತೆ. ಅದಕ್ಕೂ ಮೇಲಿನದು ಒಂದು ನಿರ್ದಿಷ್ಟ ಬಗೆಯ ಸಂಗೀತ ರಚನೆಯಲ್ಲಿ ತೊಡಗಿದವರಿಗೆ ಮಾತ್ರ. ಅಗತ್ಯದಷ್ಟು ಮೆಮೊರಿ ಇದ್ದ ಮೇಲೆ ಇನ್ನಷ್ಟು ಸೇರಿಸಿದರೆ ಧ್ವನಿಯ ಗುಣ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಇದನ್ನು ನಂಬಿ ಎಂದು ಕೇಳುವುದಿಲ್ಲ; ಲೆಕ್ಕ ಹಾಕಿ ನೋಡೋಣ.

ಲೆಕ್ಕಕ್ಕೆ ನಮ್ಮದೇ ಒಂದು ಕಲೆಯನ್ನು ತೆಗೆದುಕೊಳ್ಳುತ್ತೇನೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ, ಹಿನ್ನೆಲೆಯಲ್ಲಿ ಶ್ರುತಿ ಇರುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆ ದೇಶದ ಗಮನಕ್ಕೆ ಬಂತು. ಆದರೆ ಪ್ರಶಸ್ತಿಯ ಹೊರಗೆ, ಊರೂರಿನ ಮನೆಗಳಲ್ಲಿ ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಬಾಯಲ್ಲಿಟ್ಟುಕೊಂಡ ಹಿರಿಯರು ಇನ್ನೂ ಇದ್ದಾರೆ. ಅಂಥ ಒಂದು ಮನೆಯ ನಡುಕೋಣೆಯಲ್ಲಿ ವಾಚನಕ್ಕೊಂದು ಮೈಕ್, ವ್ಯಾಖ್ಯಾನಕ್ಕೊಂದು ಮೈಕ್, ಶ್ರುತಿಗೊಂದು ಪ್ರತ್ಯೇಕ ದಾರಿ ಎಂದಿಟ್ಟುಕೊಳ್ಳಿ. ಒಟ್ಟು ಮೂರು ಟ್ರ್ಯಾಕ್.

ಕಂಪ್ಯೂಟರ್ ಧ್ವನಿಯನ್ನು ಹಿಡಿಯುವುದು ಅದರ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುವ ಮೂಲಕ. ಈಗ ರೂಢಿಯಲ್ಲಿರುವ ಅಳತೆ ಸೆಕೆಂಡಿಗೆ 48,000 ಸಲ, ಪ್ರತಿ ಅಳತೆಗೆ 24 ಬಿಟ್, ಅಂದರೆ 3 ಬೈಟ್. ಎರಡನ್ನೂ ಗುಣಿಸಿದರೆ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್ ಆಯಿತು. ನಿಮಿಷಕ್ಕೆ ಸುಮಾರು 8.6 ಎಂಬಿ, ಗಂಟೆಗೆ ಸುಮಾರು 518 ಎಂಬಿ. ಮೂರು ಟ್ರ್ಯಾಕಿನ ಒಂದು ಗಂಟೆಯ ಗಮಕ ಕಾರ್ಯಕ್ರಮ ಒಂದೂವರೆ ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮುದ್ರಿಸಿದ್ದೆಲ್ಲವನ್ನೂ ರ‍್ಯಾಮ್‌ನಲ್ಲೇ ತುಂಬಿಡುತ್ತೇವೆ ಎಂದು ಹಟ ಹಿಡಿದರೂ 8 ಜಿಬಿಯಲ್ಲಿ ಒಂದು ದನಿಯನ್ನು 15 ಗಂಟೆಗೂ ಹೆಚ್ಚು ಕಾಲ ಹಿಡಿದಿಡಬಹುದು.

ಆದರೆ ಮುದ್ರಣ ತಂತ್ರಾಂಶಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಮೈಕಿನಿಂದ ಬಂದ ಧ್ವನಿ ರ‍್ಯಾಮ್‌ನಲ್ಲಿ ಕ್ಷಣಮಾತ್ರ ನಿಂತು ನೇರವಾಗಿ ಹಾರ್ಡ್ ಡಿಸ್ಕಿಗೋ ಎಸ್‌ಎಸ್‌ಡಿಗೋ ಹೋಗಿ ಸೇರುತ್ತದೆ. ಹಳ್ಳಿಯ ಬೇಸಾಯ ಕಂಡವರಿಗೆ ಇದು ಕಣ ಮತ್ತು ಕಣಜದ ಸಂಬಂಧ. ಡಿಸ್ಕ್ ಕಣಜ, ರ‍್ಯಾಮ್ ಕಣ. ಒಕ್ಕಿದ ಕಾಳು ಕಣದಲ್ಲಿ ನಿಲ್ಲುವುದಿಲ್ಲ. ಬೆಳೆ ಹೆಚ್ಚು ಬಂತೆಂದರೆ ಕಣಜ ದೊಡ್ಡದಾಗಬೇಕೇ ಹೊರತು ಕಣವನ್ನು ಹಿಗ್ಗಿಸುವ ಅಗತ್ಯ ಬೀಳುವುದಿಲ್ಲ. ಏಕಕಾಲಕ್ಕೆ ಎಷ್ಟು ಹರವಿಕೊಂಡು ಕೆಲಸ ಮಾಡುತ್ತೇವೆ ಎಂಬುದರ ಮೇಲೆ ಮಾತ್ರ ಕಣದ ಅಗಲ ನಿಂತಿದೆ.

ಧ್ವನಿ ರ‍್ಯಾಮ್‌ನಲ್ಲಿ ತಂಗುವ ಆ ಜಾಗಕ್ಕೆ ಬಫರ್ ಎನ್ನುತ್ತಾರೆ. ತಂತ್ರಾಂಶದಲ್ಲಿ ಅದನ್ನು 128, 256, 512 ಸ್ಯಾಂಪಲ್ ಎಂದು ನಾವೇ ಆಯ್ಕೆ ಮಾಡುತ್ತೇವೆ. 256 ಎಂದು ಇಟ್ಟರೆ, ಸೆಕೆಂಡಿಗೆ 48,000 ಅಳತೆಯ ಲೆಕ್ಕದಲ್ಲಿ, ಅದು 5.3 ಮಿಲಿಸೆಕೆಂಡಿನಷ್ಟು ಧ್ವನಿ. ಎಡಬಲ ಎರಡೂ ಸೇರಿ ಅದು ಹಿಡಿಯುವ ಮೆಮೊರಿ ಸುಮಾರು 2 ಕಿಲೋಬೈಟ್. ತಂತ್ರಾಂಶ ಡಿಸ್ಕಿಗೆ ಬರೆಯುವ ಮುಂಚೆ ಇನ್ನೊಂದಿಷ್ಟು ಧ್ವನಿಯನ್ನು ಕೂಡಿಸಿಟ್ಟುಕೊಳ್ಳುತ್ತದೆ. ಅದನ್ನೂ ಸೇರಿಸಿದರೂ ಕೆಲವು ಎಂಬಿ ದಾಟುವುದಿಲ್ಲ. ಡಿಸ್ಕಿನ ವೇಗದ ಬಗ್ಗೆಯೂ ಚಿಂತೆ ಬೇಡ. 16 ಮೈಕ್‌ಗಳನ್ನು ಒಟ್ಟಿಗೆ ಮುದ್ರಿಸಿದರೂ ಸೆಕೆಂಡಿಗೆ 2.3 ಎಂಬಿ ಮಾತ್ರ ಬರೆಯಬೇಕಾಗುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ 100 ಎಂಬಿಯಷ್ಟನ್ನು ಸಲೀಸಾಗಿ ಬರೆಯುತ್ತದೆ.

ಹಾಗಾದರೆ ರ‍್ಯಾಮ್ ಬೇಕಾಗುವುದು ಯಾವುದಕ್ಕೆ? ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ಹೇಳುವ ಕನಿಷ್ಠ ಅಳತೆಯೇ 4 ಜಿಬಿ. ಅದರ ಮೇಲೆ ಬ್ರೌಸರ್, ವಾಟ್ಸ್‌ಆ್ಯಪ್, ಆ್ಯಂಟಿವೈರಸ್, ತಾನಾಗಿಯೇ ಏಳುವ ಹತ್ತಾರು ಸಣ್ಣ ಪ್ರೋಗ್ರಾಮ್‌ಗಳು. ಪರೀಕ್ಷಿಸುವುದು ಕಷ್ಟವಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಮೆಮೊರಿ ಎಂಬ ಕಾಲಂ ಮೇಲೆ ಒತ್ತಿ. ಹೆಚ್ಚು ತಿನ್ನುವವರು ಮೇಲಕ್ಕೆ ಬರುತ್ತಾರೆ. ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ ಬ್ರೌಸರ್ ಕೂತಿರುತ್ತದೆ. ಆಡಾಸಿಟಿ, ರೀಪರ್‌ನಂಥ ಮುದ್ರಣ ತಂತ್ರಾಂಶ ಎಲ್ಲೋ ಕೆಳಗೆ ಇರುತ್ತದೆ. ಈಗ ಮುದ್ರಣ ಶುರುಮಾಡಿ ಆ ಸಾಲನ್ನೇ ಗಮನಿಸಿ. ಐದು ನಿಮಿಷ ಹಾಡಿದರೂ ಅಂಕಿ ಹೆಚ್ಚು ಕದಲುವುದಿಲ್ಲ. ಮುದ್ರಣಕ್ಕೆ ಮೆಮೊರಿ ಸಾಲದು ಎನ್ನುವವರು ಈ ಒಂದು ಪರೀಕ್ಷೆಯನ್ನು ತಮ್ಮ ಯಂತ್ರದಲ್ಲೇ ಮಾಡಿ ನೋಡಬೇಕು.

ಎದುರುವಾದವೊಂದು ಇಲ್ಲಿ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ: ಮೆಮೊರಿ ಕಡಿಮೆ ಬಿದ್ದ ಯಂತ್ರದಲ್ಲಿ ಮುದ್ರಣ ಕೆಡುವುದನ್ನು ಎಷ್ಟೋ ಜನ ಕಂಡಿದ್ದಾರಲ್ಲ? ನಿಜ, ಕೆಡುತ್ತದೆ. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ನಿಂತುಬಿಡುವುದಿಲ್ಲ. ಒಂದಿಷ್ಟು ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಈ ಸಾಗಾಟಕ್ಕೆ ಹಿಡಿಯುವ ಸಮಯವೇ ತೊಂದರೆ. ರ‍್ಯಾಮ್‌ನಿಂದ ಮಾಹಿತಿ ಬರಲು ಸುಮಾರು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ಎಸ್‌ಎಸ್‌ಡಿಯಿಂದ ಬರಲು ಹತ್ತು ಸಾವಿರದಲ್ಲೊಂದು ಭಾಗದಷ್ಟು ಬೇಕು. ತಿರುಗುವ ಹಾರ್ಡ್ ಡಿಸ್ಕಿಗೆ ನೂರರಲ್ಲೊಂದು ಭಾಗ, ಎಂದರೆ 10 ಮಿಲಿಸೆಕೆಂಡು. ನಮ್ಮ ಬಫರಿನಲ್ಲಿ ಇದ್ದದ್ದು 5.3 ಮಿಲಿಸೆಕೆಂಡಿನಷ್ಟು ಧ್ವನಿ. ಡಿಸ್ಕಿನಿಂದ ಮಾಹಿತಿ ಬರುವಷ್ಟರಲ್ಲಿ ಬಫರ್ ಖಾಲಿಯಾಗಿರುತ್ತದೆ, ಧ್ವನಿಯಲ್ಲಿ ‘ಟಪ್’ ಎಂಬ ಸದ್ದು ಕೂತುಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ಜೊತೆಗೆ ತೆರೆದಿಟ್ಟ ಬ್ರೌಸರ್ ಸೇರಿದಾಗ ಇದು ಆಗಿಯೇ ಆಗುತ್ತದೆ.

ಆದರೆ ಇದೇ ವಿವರಣೆ ಮೆಮೊರಿಯ ಸ್ವಭಾವವನ್ನೂ ಹೇಳುತ್ತದೆ. ಅದೊಂದು ಹೊಸ್ತಿಲು. ಹೊಸ್ತಿಲಿನ ಈಚೆ ಇದ್ದರೆ ಕೆಲಸ ಕೆಡುತ್ತದೆ. ದಾಟಿದ ಮೇಲೆ ಎಷ್ಟು ದೂರ ಹೋದರೂ ಪ್ರಯೋಜನ ಒಂದೇ. 16 ಜಿಬಿಯ ಯಂತ್ರದಲ್ಲಿ 6 ಜಿಬಿ ಬಳಕೆಯಾಗುತ್ತಿದ್ದರೆ ಉಳಿದ 10 ಜಿಬಿ ಮುದ್ರಣಕ್ಕೇನೂ ಕೊಡುವುದಿಲ್ಲ. ಅದನ್ನು 64 ಮಾಡಿದರೆ ಸುಮ್ಮನೆ ಕೂರುವ ಮೆಮೊರಿ 58 ಜಿಬಿ ಆಗುತ್ತದೆ. ಮೈಕ್ ಹಾಗಲ್ಲ, ಕೋಣೆಯೂ ಹಾಗಲ್ಲ. ಅವುಗಳಲ್ಲಿ ಪ್ರತಿ ಸುಧಾರಣೆಯೂ ಕಿವಿಗೆ ಕೇಳುತ್ತದೆ. ಮೆಮೊರಿಯ ವಿಷಯದಲ್ಲಿ ‘ಇರಲಿ, ಹೆಚ್ಚಿದ್ದರೆ ಒಳ್ಳೆಯದೇ’ ಎಂಬ ಮಾತು ಅನ್ವಯಿಸದಿರುವುದು ಇದಕ್ಕೇ.

‘ಟಪ್’ ಸದ್ದಿಗೆಲ್ಲ ರ‍್ಯಾಮ್ ಕಾರಣವೆಂದು ಹೇಳುವುದೂ ತಪ್ಪು. ಸಾಕಷ್ಟು ಮೆಮೊರಿ ಖಾಲಿ ಇರುವ ಯಂತ್ರದಲ್ಲೂ ಅದು ಕೇಳಿಸುತ್ತದೆ. ಬಫರನ್ನು ತೀರ ಚಿಕ್ಕದಾಗಿ ಇಟ್ಟಿರಬಹುದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನ ಸರಿಯಾದ ಡ್ರೈವರ್ ಹಾಕಿರದೆ ಇರಬಹುದು. ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪ್ ಪ್ರೊಸೆಸರಿನ ವೇಗ ತಗ್ಗಿಸಿರಬಹುದು. ವೈಫೈ ಡ್ರೈವರ್ ನಡುವೆ ಬಂದು ಪ್ರೊಸೆಸರನ್ನು ಹಿಡಿದಿಟ್ಟಿರಬಹುದು. ಚಾರ್ಜರ್ ಜೋಡಿಸಿ, ವೈಫೈ ಆರಿಸಿ, ಬಫರನ್ನು 256ರಿಂದ 512ಕ್ಕೆ ಏರಿಸಿದರೆ ಬಹಳಷ್ಟು ಸಲ ಸದ್ದು ಮಾಯವಾಗುತ್ತದೆ. ಇಷ್ಟನ್ನು ಮಾಡಿ ನೋಡದೆ ರ‍್ಯಾಮ್ ಕೊಳ್ಳಲು ಹೋಗಬಾರದು. ಮುದ್ರಣ ಮುಗಿದ ಮೇಲೆ ಸೇರಿಸುವ ಈಕ್ಯೂ, ಕಂಪ್ರೆಸರ್, ರಿವರ್ಬ್‌ಗಳ ಭಾರವೂ ಮುಖ್ಯವಾಗಿ ಬೀಳುವುದು ಪ್ರೊಸೆಸರಿನ ಮೇಲೆ, ಮೆಮೊರಿಯ ಮೇಲಲ್ಲ.

ಹಾಗಿದ್ದರೆ 64 ಜಿಬಿ ಬೇಕೆನ್ನುವವರು ಯಾರು? ಅವರ ಅಗತ್ಯವೂ ನಿಜವಾದದ್ದೇ. ಅವರು ಮೈಕಿನಿಂದ ಮುದ್ರಿಸುವುದಕ್ಕಿಂತ ಹೆಚ್ಚಾಗಿ ಮೊದಲೇ ಮುದ್ರಿಸಿಟ್ಟ ವಾದ್ಯಗಳ ಸ್ವರಗಳನ್ನು ಕೀಬೋರ್ಡಿನಿಂದ ನುಡಿಸುತ್ತಾರೆ. ಒಂದು ಪಿಯಾನೊವನ್ನೇ ನೋಡಿ. 88 ಮನೆಗಳು, ಪ್ರತಿ ಮನೆಯನ್ನು ಮೆತ್ತಗಿನಿಂದ ಗಟ್ಟಿಯವರೆಗೆ ಹತ್ತು ಬಗೆಯಲ್ಲಿ ಒತ್ತಿ, ಪ್ರತಿ ಸಲವೂ 15 ಸೆಕೆಂಡು ಸ್ಟೀರಿಯೋದಲ್ಲಿ ಮುದ್ರಿಸಿದರೆ 880 ತುಣುಕುಗಳು, ಒಟ್ಟು 3.8 ಜಿಬಿ. ಒಂದೇ ವಾದ್ಯಕ್ಕೆ ಇಷ್ಟು. ಪಿಟೀಲುಗಳ ಗುಂಪು, ಚೆಲ್ಲೊ, ಕೊಳಲು, ತುತ್ತೂರಿ, ಡ್ರಮ್ಸ್ ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಸಿನಿಮಾದ ಹಿನ್ನೆಲೆ ಸಂಗೀತ ಕಟ್ಟುವವರಿಗೆ 32 ಜಿಬಿಯೂ ಸಾಲದೆ ಹೋಗಬಹುದು. ಕೀಲಿ ಒತ್ತಿದ ಮರುಕ್ಷಣ ಸ್ವರ ಹೊರಡಬೇಕಾದ್ದರಿಂದ ಅದು ರ‍್ಯಾಮ್‌ನಲ್ಲಿ ಸಿದ್ಧವಿರಲೇಬೇಕು.

ಇಲ್ಲೂ ತಂತ್ರಜ್ಞಾನ ಒಂದು ಉಪಾಯ ಕಂಡುಕೊಂಡಿದೆ. 1990ರ ದಶಕದ ಕೊನೆಯಲ್ಲಿ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ ಜನಪ್ರಿಯಗೊಳಿಸಿದ ಕ್ರಮ ಅದು. ಇಂದಿನ ಕಾಂಟ್ಯಾಕ್ಟ್‌ನಂಥ ತಂತ್ರಾಂಶಗಳು ಅದನ್ನೇ ಅನುಸರಿಸುತ್ತವೆ. ಪ್ರತಿ ತುಣುಕಿನ ಆರಂಭವನ್ನಷ್ಟೇ ರ‍್ಯಾಮ್‌ನಲ್ಲಿಟ್ಟುಕೊಂಡು, ಅದು ನುಡಿಯುತ್ತಿರುವಾಗಲೇ ಉಳಿದದ್ದನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತವೆ. ನಮ್ಮ ಲೆಕ್ಕದ ಪಿಯಾನೊದಲ್ಲಿ ಪ್ರತಿ ತುಣುಕಿನ ಮೊದಲ 60 ಕಿಲೋಬೈಟ್ ಮಾತ್ರ ಮೆಮೊರಿಯಲ್ಲಿಟ್ಟರೆ 3.8 ಜಿಬಿಯ ಜಾಗದಲ್ಲಿ 53 ಎಂಬಿ ಸಾಕು. ಎಸ್‌ಎಸ್‌ಡಿ ಬಂದ ಮೇಲೆ ಈ ಕ್ರಮ ಇನ್ನಷ್ಟು ನಂಬಿಕೆಗೆ ಅರ್ಹವಾಗಿದೆ. ನುಡಿಸಿ ಮುಗಿದ ವಾದ್ಯವನ್ನು ಆಡಿಯೋ ಟ್ರ್ಯಾಕ್ ಆಗಿ ಬದಲಿಸಿ ಮೆಮೊರಿಯಿಂದ ಇಳಿಸುವ ‘ಫ್ರೀಜ್’ ಸೌಲಭ್ಯವೂ ಹಲವು ತಂತ್ರಾಂಶಗಳಲ್ಲಿದೆ. ಒಂದು ಪಿಯಾನೊ, ಒಂದು ತಂತಿವಾದ್ಯದ ಗುಂಪು, ತಬಲಾ ಲೂಪ್ ಸೇರಿಸಿ ಭಾವಗೀತೆ ಸಂಯೋಜಿಸುವವರು 16 ಜಿಬಿಯಲ್ಲಿ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಮೆಮೊರಿಯ ಮೇಲೆ ತಪ್ಪಾಗಿ ಹೊರಿಸಲಾಗುವ ಇನ್ನೊಂದು ತೊಡಕಿದೆ. ಇಡೀ ರಾತ್ರಿಯ ಯಕ್ಷಗಾನವನ್ನು ಲ್ಯಾಪ್‌ಟಾಪಿಗೆ ಮುದ್ರಿಸಲು ಕೂತವರು ನಡುರಾತ್ರಿ ಕಳೆದ ಮೇಲೆ ಮುದ್ರಣ ನಿಂತಿರುವುದನ್ನೋ, ಕಡತ ತೆರೆಯದಿರುವುದನ್ನೋ ಕಾಣಬಹುದು. ಕಾರಣ ವೇವ್ ಕಡತದ ರಚನೆಯಲ್ಲಿದೆ. 1991ರಲ್ಲಿ ಮೈಕ್ರೊಸಾಫ್ಟ್ ಮತ್ತು ಐಬಿಎಂ ಅದನ್ನು ರೂಪಿಸಿದಾಗ ಕಡತದ ಗಾತ್ರ ಬರೆಯಲು 32 ಬಿಟ್‌ಗಳ ಜಾಗ ಇಟ್ಟರು. ಹಾಗಾಗಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. 48,000 ಅಳತೆಯ, 24 ಬಿಟ್‌ನ ಸ್ಟೀರಿಯೋ ಮುದ್ರಣ ಆ ಮಿತಿಯನ್ನು 4 ಗಂಟೆ 8 ನಿಮಿಷಕ್ಕೆ ಮುಟ್ಟುತ್ತದೆ. 96,000ಕ್ಕೆ ಏರಿಸಿದರೆ ಎರಡು ಗಂಟೆ ಚಿಲ್ಲರೆಗೇ ಮುಟ್ಟುತ್ತದೆ. 128 ಜಿಬಿ ರ‍್ಯಾಮ್ ಹಾಕಿದರೂ ಈ ಮಿತಿ ಕದಲದು. ದೊಡ್ಡ ಕಡತಗಳಿಗೆಂದೇ ಇರುವ ಆರ್‌ಎಫ್64 ಮಾದರಿಯನ್ನು ಆರಿಸುವುದು, ಇಲ್ಲವೇ ಗಂಟೆಗೊಮ್ಮೆ ಹೊಸ ಕಡತ ಶುರುವಾಗುವಂತೆ ಮಾಡುವುದು ಇದಕ್ಕೆ ಪರಿಹಾರ. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ನನ್ನ ವಾದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪ ಮುಂದಿನ ದಿನಗಳದು. ಇಂದಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆ್ಯಪಲ್‌ನ ಎಂ ಸರಣಿಯಲ್ಲಂತೂ ಅದು ಪ್ರೊಸೆಸರಿನೊಂದಿಗೇ ಬರುತ್ತದೆ. ಕೊಂಡ ಮೇಲೆ ಹೆಚ್ಚಿಸುವ ಮಾತೇ ಇಲ್ಲ. ಇಂದು ಸಾಕಾದದ್ದು ಐದು ವರ್ಷದ ಮೇಲೆ ಸಾಲದೆ ಹೋದರೆ? ಈ ಆಕ್ಷೇಪವನ್ನು ಒಪ್ಪುತ್ತೇನೆ. ಹೊಸದಾಗಿ ಕೊಳ್ಳುವವರಿಗೆ 8 ಬೇಡ, 16 ಇರಲಿ ಎಂದು ನಾನು ಹೇಳುವುದೇ ಇದಕ್ಕಾಗಿ. ಆ್ಯಪಲ್ ಕೂಡ 2024ರ ಅಕ್ಟೋಬರಿನಲ್ಲಿ ತನ್ನ ಮ್ಯಾಕ್‌ಗಳ ಆರಂಭದ ಅಳತೆಯನ್ನು 8ರಿಂದ 16 ಜಿಬಿಗೆ ಏರಿಸಿತು. ಆದರೆ ಮುಂದಿನ ದಿನಗಳ ಹೆಸರು ಹೇಳಿ 32, 64 ಎಂದು ಏರುತ್ತಾ ಹೋಗುವುದಕ್ಕೆ ಆಧಾರವಿಲ್ಲ. ಕಾರ್ಯಾಚರಣ ವ್ಯವಸ್ಥೆಗಳು ಹಿಗ್ಗುತ್ತಾ ಹೋಗಬಹುದು. ಮನುಷ್ಯನ ದನಿ ಹಿಗ್ಗುವುದಿಲ್ಲ. ಒಂದು ಗಂಟೆಯ ಗಮಕ ಇಂದು ಹಿಡಿಯುವಷ್ಟೇ ಜಾಗವನ್ನು ಐದು ವರ್ಷದ ಮೇಲೂ ಹಿಡಿಯುತ್ತದೆ.

ಬೆಲೆಯ ಮಾತೂ ಇದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಇಂಥ ಹೊತ್ತಿನಲ್ಲಿ ಬೇಡದ ಮೆಮೊರಿಗೆ ಕೊಡುವ ಹಣ ಮೈಕಿನಿಂದ, ಹೆಡ್‌ಫೋನಿನಿಂದ, ಬ್ಯಾಕಪ್ ಡಿಸ್ಕಿನಿಂದ ಕಿತ್ತ ಹಣ. ಹಳೆಯ ಯಂತ್ರ ಇರುವವರು ಅದನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಲಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 8 ಜಿಬಿಯ ಎಷ್ಟೋ ಒಳ್ಳೆಯ ಲ್ಯಾಪ್‌ಟಾಪ್‌ಗಳು ಆ ಕಾರಣಕ್ಕೇ ಮೂಲೆ ಸೇರಿವೆ. ಅವುಗಳಿಗೆ ಉಬುಂಟು ಸ್ಟುಡಿಯೋದಂಥ ಲಿನಕ್ಸ್ ಹಾಕಿ, ಆರ್ಡೋರ್ ಅಥವಾ ಆಡಾಸಿಟಿಯಲ್ಲಿ ಮುದ್ರಿಸಬಹುದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಚುರುಕಾಗುತ್ತದೆ.

ಈಗ ಧ್ವನಿಯ ಗುಣವನ್ನು ನಿಜವಾಗಿ ತೀರ್ಮಾನಿಸುವ ಕಡೆಗೆ ಬರೋಣ. 24 ಬಿಟ್ ಮುದ್ರಣ ಹಿಡಿಯಬಲ್ಲ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಅಂತರ ಲೆಕ್ಕದ ಪ್ರಕಾರ 144 ಡೆಸಿಬಲ್. ನಮ್ಮ ಮನೆಯ ಕೋಣೆಯಲ್ಲಿ, ಫ್ಯಾನ್ ಆರಿಸಿದ ರಾತ್ರಿಯಲ್ಲೂ, ಸುತ್ತಲ ಸದ್ದು 30 ಡೆಸಿಬಲ್‌ಗಿಂತ ಕೆಳಗಿಳಿಯುವುದು ಅಪರೂಪ. ಗೇಣು ದೂರದಿಂದ ಹಾಡುವ ದನಿ 80-90ರ ಆಸುಪಾಸಿನದು. ಎಂದರೆ ಕೋಣೆ ನಮಗೆ ಬಿಟ್ಟುಕೊಡುವುದು 50-60 ಡೆಸಿಬಲ್ ಮಾತ್ರ. ಯಂತ್ರದ ಸಾಮರ್ಥ್ಯದ ಅರ್ಧವನ್ನೂ ಕೋಣೆ ಬಳಸಗೊಡುವುದಿಲ್ಲ. ಮುದ್ರಣದ ಗುಣಕ್ಕೆ ಅಡ್ಡ ಬರುತ್ತಿರುವುದು ಕೋಣೆ. ಕಂಪ್ಯೂಟರ್ ಎಂದೋ ತನ್ನ ಕೆಲಸ ಮುಗಿಸಿಕೊಂಡು ಕೂತಿದೆ.

ನಮ್ಮ ಮನೆಗಳ ನೆಲ ಗ್ರಾನೈಟಿನದೋ ಟೈಲಿನದೋ, ಗೋಡೆ ಬೋಳು ಸಿಮೆಂಟಿನದು, ತಾರಸಿ ಕಾಂಕ್ರೀಟಿನದು. ಹಾಡಿದ ದನಿ ಇವೆಲ್ಲಕ್ಕೂ ಬಡಿದು ಮೈಕಿಗೆ ಹಿಂದಿರುಗುತ್ತದೆ. ಕೇಳುವವರಿಗೆ ಬಚ್ಚಲುಮನೆಯಲ್ಲಿ ಹಾಡಿದಂತೆ ಅನಿಸುವುದು ಇದರಿಂದಲೇ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಹಾಕಿ ಹಾಡುವವರನ್ನು ಕೂರಿಸಿ. ಎದುರಿಗೆ ಮೈಕಿನ ಹಿಂದೆ ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ. ನೆಲಕ್ಕೆ ಜಮಖಾನ ಹಾಸಿ. ಫ್ರಿಜ್ ಇರುವ ಕಡೆಯ ಬಾಗಿಲು ಮುಚ್ಚಿ. ಮೈಕಿಗೂ ಬಾಯಿಗೂ ನಡುವಿನ ದೂರವನ್ನು ಅರ್ಧಕ್ಕಿಳಿಸಿದರೆ ನೇರ ದನಿ 6 ಡೆಸಿಬಲ್ ಏರುತ್ತದೆ. ಕೋಣೆಯ ಪ್ರತಿಧ್ವನಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಹಾಡಿದರೆ ಅದು ಮೈಕಿಗೆ ಸೋರುವುದಿಲ್ಲ, ಆಮೇಲೆ ಬೇಕಾದಷ್ಟೇ ಬೆರೆಸಬಹುದು. ದನಿಯ ಏರುಮಟ್ಟ ಮೀಟರಿನಲ್ಲಿ ಮೈನಸ್ 12ರ ಸುತ್ತ ನಿಂತರೆ ತಾರಸ್ಥಾಯಿಗೆ ಹೋದಾಗಲೂ ಒಡೆಯುವುದಿಲ್ಲ. ಇಷ್ಟು ಮಾಡಿದ ಮುದ್ರಣಕ್ಕೂ ಮಾಡದ ಮುದ್ರಣಕ್ಕೂ ಇರುವ ವ್ಯತ್ಯಾಸವನ್ನು ಸಂಗೀತ ಬಾರದವರೂ ಗುರುತಿಸುತ್ತಾರೆ. 8 ಜಿಬಿಯಲ್ಲಿ ಮಾಡಿದ್ದಕ್ಕೂ 64 ಜಿಬಿಯಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಯಾರಿಂದಲೂ ಗುರುತಿಸಲಾಗದು, ಏಕೆಂದರೆ ವ್ಯತ್ಯಾಸವೇ ಇಲ್ಲ.

96,000, 1,92,000 ಅಳತೆಗಳ ಆಸೆಯೂ ಮೆಮೊರಿಯ ಆಸೆಯ ಜೊತೆಗೇ ಬರುತ್ತದೆ. ಸೆಕೆಂಡಿಗೆ 48,000 ಅಳತೆ 24,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿಯುತ್ತದೆ. ಎಳೆಯ, ಆರೋಗ್ಯವಂತ ಕಿವಿಗೆ ಕೇಳುವುದು ಹೆಚ್ಚೆಂದರೆ 20,000. ವಿಶೇಷ ಕಾರಣವಿಲ್ಲದೆ ಅಳತೆ ಏರಿಸಿದರೆ ಕಡತ ಎರಡರಷ್ಟು, ನಾಲ್ಕರಷ್ಟು ದೊಡ್ಡದಾಗುತ್ತದೆ, ಪ್ರೊಸೆಸರಿನ ಹೊರೆ ಏರುತ್ತದೆ, ಕೇಳುಗನಿಗೆ ಹೊಸದೇನೂ ಕೇಳಿಸುವುದಿಲ್ಲ.

ಚಿಕ್ಕ ಯಂತ್ರದಿಂದ ದೊಡ್ಡ ಕೆಲಸ ನಡೆದದ್ದಕ್ಕೆ ಚರಿತ್ರೆಯ ಸಾಕ್ಷ್ಯವೂ ಇದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಯಂತ್ರವಿಟ್ಟು ಪ್ರಸಾರ ಶುರುಮಾಡಿದರು. ಮೈಸೂರು ಆಕಾಶವಾಣಿ ಬೆಳೆದದ್ದು ಅಲ್ಲಿಂದ. 1982ರ ಜನವರಿಯಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಕ್ಯಾಸೆಟ್ ಮೇಲೆ ನಾಲ್ಕೇ ಟ್ರ್ಯಾಕ್ ಮುದ್ರಿಸುವ ಟಿಯಾಕ್ 144 ಎಂಬ ಪುಟ್ಟ ಯಂತ್ರದಲ್ಲಿ ಹಾಡುಗಳ ಕರಡನ್ನು ಮುದ್ರಿಸಿಕೊಂಡರು. ಆಮೇಲೆ ಸ್ಟುಡಿಯೋದಲ್ಲಿ ಇಡೀ ವಾದ್ಯವೃಂದದೊಂದಿಗೆ ಮತ್ತೆ ಮುದ್ರಿಸಿ ನೋಡಿದಾಗ ಆ ಕರಡಿನ ಜೀವ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಆಲ್ಬಂ ಆಗಿ ಅದೇ ವರ್ಷ ಹೊರಬಂತು. ಇಂದಿನ 8 ಜಿಬಿ ಲ್ಯಾಪ್‌ಟಾಪ್, ಸಾಮರ್ಥ್ಯದ ಮಟ್ಟಿಗೆ, ಆ ಯಂತ್ರಕ್ಕಿಂತ ಎಷ್ಟೋ ಪಟ್ಟು ಮುಂದಿದೆ. ಸಾಧಾರಣ ಯಂತ್ರದಲ್ಲಿ ಮುದ್ರಿಸಿದ್ದು ಸಾಧಾರಣವಾಗಿಯೇ ಇರಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಬೇಕಿಲ್ಲ.

ಹಾಗಾಗಿ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಒಬ್ಬರಿಬ್ಬರ ದನಿ, ಒಂದೆರಡು ವಾದ್ಯ, ಪಾಡ್‌ಕಾಸ್ಟ್, ಆಡಿಯೋ ಪುಸ್ತಕ, ಗಮಕ, ಹರಿಕಥೆಗೆ ಈಗಿರುವ 8 ಜಿಬಿ ಯಂತ್ರವೇ ಸಾಕು. ಮುದ್ರಿಸುವಾಗ ಬ್ರೌಸರ್ ಮುಚ್ಚಿ. ಹೊಸ ಯಂತ್ರ ಕೊಳ್ಳುವವರು, ಹತ್ತಿಪ್ಪತ್ತು ಟ್ರ್ಯಾಕ್ ಮತ್ತು ಕೆಲವು ಸ್ಯಾಂಪಲ್ ವಾದ್ಯಗಳನ್ನು ಬಳಸುವವರು 16 ಜಿಬಿ ಮತ್ತು ಎಸ್‌ಎಸ್‌ಡಿ ನೋಡಿ. ಇಡೀ ಆರ್ಕೆಸ್ಟ್ರಾವನ್ನು ಕಂಪ್ಯೂಟರಿನೊಳಗೇ ಕಟ್ಟುವವರು ಮಾತ್ರ 32ರಿಂದ ಮೇಲಕ್ಕೆ ಹೋಗಲಿ. ಉಳಿದ ಹಣವನ್ನು ಒಳ್ಳೆಯ ಮೈಕ್, ಎರಡು ದಾರಿಯ ಆಡಿಯೋ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಕೋಣೆಗೆ ದಪ್ಪ ಪರದೆ, ಬ್ಯಾಕಪ್‌ಗೆ ಒಂದು ಹೊರಗಿನ ಡಿಸ್ಕ್, ಈ ಅನುಕ್ರಮದಲ್ಲಿ ಖರ್ಚು ಮಾಡಿ. 1 ಟಿಬಿಯ ಒಂದು ಡಿಸ್ಕಿನಲ್ಲಿ ಒಂದು ದನಿಯ 1,900 ಗಂಟೆಗೂ ಹೆಚ್ಚಿನ ಮುದ್ರಣ ಹಿಡಿಯುತ್ತದೆ. ಮುದ್ರಿಸಿದ್ದನ್ನು ಎರಡು ಡಿಸ್ಕಿನಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಮೆಮೊರಿ ಕಡಿಮೆಯಾಗಿ ಹಾಳಾದ ಮುದ್ರಣವನ್ನು ಇನ್ನೊಮ್ಮೆ ಮಾಡಬಹುದು. ಒಂದೇ ಪ್ರತಿ ಇದ್ದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು.

ಯಂತ್ರವನ್ನು ಎಂದಾದರೂ ಕೊಳ್ಳಬಹುದು. ಸೋಬಾನೆ ಪದ ಬಲ್ಲ ಅಜ್ಜಿಯ, ಇಡೀ ಸಂಧಿಯನ್ನು ಪುಸ್ತಕ ನೋಡದೆ ವಾಚಿಸುವ ತಾತನ ದನಿಗೆ ಅಷ್ಟು ಪುರುಸೊತ್ತಿಲ್ಲ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥ ಒಬ್ಬರಿದ್ದರೆ, ಇರುವ ಲ್ಯಾಪ್‌ಟಾಪಿನಲ್ಲೇ, ಈ ಭಾನುವಾರವೇ, ಅವರನ್ನು ಕೂರಿಸಿ ಒಂದು ಗಂಟೆ ಮುದ್ರಿಸಿಕೊಳ್ಳಿ. ಅದಕ್ಕೆ ಬೇಕಾದಷ್ಟು ಮೆಮೊರಿ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ.